ಅಲೆ ಏಳದ ಜಾಗದಲ್ಲಿ ಸಮುದ್ರಕ್ಕೆ ಇಳಿದರೆ ಅಪಾಯವಿಲ್ಲವೇ? ಸರ್ಫರ್‌ಗಳು ಹೇಳುವುದೇ ಬೇರೆ

ಶಾಲಾ ಪ್ರವಾಸದ ದಿನಗಳು ಬಂದರೆ ಕಲಬುರಗಿ, ಕಮಲಾಪುರ ಕಡೆಯಿಂದಲೂ ಮುರುಡೇಶ್ವರ, ಗೋಕರ್ಣ, ಮಲ್ಪೆಗೆ ಬಸ್ಸುಗಳು ಹೊರಡುತ್ತವೆ. ಜೊತೆಗೆ ಮೊಬೈಲಿನಲ್ಲಿ ಸಲಹೆಗಳೂ ಓಡಾಡುತ್ತವೆ. ಅವುಗಳಲ್ಲಿ ಎರಡು ಮಾತುಗಳನ್ನು ಬಹಳ ಜನ ನಂಬುತ್ತಾರೆ. "ದೊಡ್ಡ ಅಲೆ ಇರುವಲ್ಲಿ ಹೋಗಬೇಡಿ, ನೀರು ಶಾಂತವಾಗಿರುವ ಜಾಗ ನೋಡಿ ಇಳಿಯಿರಿ" ಎನ್ನುವುದು ಒಂದು. "ಈಜು ಬಂದರೆ ಸಮುದ್ರಕ್ಕೆ ಹೆದರಬೇಕಿಲ್ಲ" ಎನ್ನುವುದು ಇನ್ನೊಂದು.

ಎರಡೂ ತಪ್ಪು. ಮೊದಲನೆಯದಂತೂ ಪ್ರಾಣಕ್ಕೇ ಕುತ್ತು ತರಬಹುದು. ಯಾಕೆ ಎಂದು ತಿಳಿಯಲು ಅಲೆಗಳನ್ನು ದಿನವೂ ಓದುವವರ ಕಡೆ, ಅಂದರೆ ಸರ್ಫರ್‌ಗಳ ಕಡೆ ನೋಡೋಣ.

ಅಲೆಯೊಂದಿಗೆ ನೀರೂ ಬರುತ್ತದೆಯೇ?

ಗಾಳಿ ಬೀಸಿದಾಗ ಜೋಳದ ಹೊಲವನ್ನು ನೋಡಿದ್ದೀರಲ್ಲ? ಈ ಬದುವಿನಿಂದ ಆ ಬದುವಿನವರೆಗೆ ಅಲೆ ಓಡುತ್ತದೆ, ಆದರೆ ದಂಟುಗಳು ನಿಂತಲ್ಲೇ ತಲೆದೂಗುತ್ತವೆ. ಆಳ ಸಮುದ್ರದಲ್ಲೂ ಹೆಚ್ಚುಕಡಿಮೆ ಹೀಗೆಯೇ. ಗಾಳಿ ಕೊಟ್ಟ ಶಕ್ತಿ ಮುಂದೆ ಸಾಗುತ್ತದೆ, ನೀರು ಇದ್ದಲ್ಲೇ ಸುತ್ತು ಹಾಕುತ್ತದೆ.

ದಡದ ಹತ್ತಿರ ಆಳ ಕಡಿಮೆಯಾದಾಗ ಆಟ ಬದಲಾಗುತ್ತದೆ. ಅಲೆಯ ಬುಡ ನಿಧಾನವಾಗುತ್ತದೆ, ತಲೆ ಮುಂದಕ್ಕೆ ಬಾಗಿ ಒಡೆಯುತ್ತದೆ. ಸರ್ಫರ್ ಕಾಯುವುದು ಈ ಕ್ಷಣಕ್ಕೇ. ಹಲಗೆಯ ಮೇಲೆ ಬೋರಲು ಮಲಗಿ, ಕೈಯಿಂದ ನೀರು ತಳ್ಳುತ್ತಾ ಅಲೆಯ ವೇಗಕ್ಕೆ ಬಂದು, ಥಟ್ಟನೆ ಎದ್ದು ನಿಂತು, ಅಲೆಯ ಮುಂದಿನ ಇಳಿಜಾರಿನಲ್ಲಿ ಜಾರುತ್ತಾರೆ. ಹಲಗೆಗೆ ಮೋಟಾರು ಇರುವುದಿಲ್ಲ. ಮಕ್ಕಳು ಜಾರುಬಂಡೆಯಲ್ಲಿ ಜಾರಿದಂತೆಯೇ, ಆದರೆ ಇಲ್ಲಿ ಬಂಡೆಯೂ ಓಡುತ್ತಿರುತ್ತದೆ.

ಹಾಗಾದರೆ ಶಾಂತ ಜಾಗದಲ್ಲಿ ಏನಾಗುತ್ತಿದೆ?

ಒಡೆದ ಅಲೆಗಳು ದಡಕ್ಕೆ ತಳ್ಳಿದ ನೀರು ಹಿಂದಕ್ಕೆ ಹೋಗಲೇಬೇಕು. ಅದು ಮರಳಿನಲ್ಲಿ ಕೊರೆದುಕೊಂಡ ಆಳವಾದ ಕಾಲುವೆಯನ್ನು ಹುಡುಕಿಕೊಂಡು ರಭಸವಾಗಿ ಕಡಲಿನತ್ತ ಹರಿಯುತ್ತದೆ. ಇದೇ ಸೆಳವು, ಅಂದರೆ ರಿಪ್ ಕರೆಂಟ್. ಅಲ್ಲಿ ಆಳ ಹೆಚ್ಚಿರುವುದರಿಂದ ಅಲೆಗಳು ಒಡೆಯುವುದು ಕಡಿಮೆ. ಅಕ್ಕಪಕ್ಕ ಬಿಳಿ ನೊರೆ, ನಡುವೆ ಮಾತ್ರ ನೊರೆಯಿಲ್ಲದ ಗಾಢ ಬಣ್ಣದ ನೀರಿನ ಪಟ್ಟಿ. ದಡದಲ್ಲಿ ನಿಂತವರಿಗೆ ಅದೇ ಶಾಂತ ಜಾಗ ಅನಿಸುತ್ತದೆ!

ಅನುಭವಿ ಸರ್ಫರ್‌ಗಳು ಈ ಪಟ್ಟಿಯನ್ನು ಬೇಕೆಂದೇ ಹುಡುಕುತ್ತಾರೆ. ಶ್ರಮವಿಲ್ಲದೆ ಅಲೆಗಳಾಚೆ ಕೊಂಡೊಯ್ಯುವ ಪುಕ್ಕಟೆ ಬಂಡಿ ಅವರಿಗೆ ಅದು. ಆದರೆ ಅವರ ಕೆಳಗೆ ತೇಲುವ ಹಲಗೆ ಇರುತ್ತದೆ, ಅದು ಕಾಲಿಗೆ ಹಗ್ಗದಿಂದ ಕಟ್ಟಿರುತ್ತದೆ. ಪ್ರವಾಸಕ್ಕೆ ಹೋದ ನಮ್ಮ ಬಳಿ ಅದಿಲ್ಲ.

ಬಾವಿಯಲ್ಲಿ, ಕೆರೆಯಲ್ಲಿ ಕಲಿತ ಈಜು ಸಾಲದೇ?

ಸೆಳವು ಸಾಮಾನ್ಯವಾಗಿ ಸೆಕೆಂಡಿಗೆ ಅರ್ಧ ಮೀಟರ್ ಆಸುಪಾಸಿನಲ್ಲಿ ಹರಿಯುತ್ತದೆ. ಕೆಲವೊಮ್ಮೆ ಸೆಕೆಂಡಿಗೆ 2 ಮೀಟರ್ ದಾಟುತ್ತದೆ. ಒಲಿಂಪಿಕ್ಸ್ ಈಜುಗಾರರೂ ಅದಕ್ಕೆ ಎದುರಾಗಿ ಗೆಲ್ಲುವುದು ಕಷ್ಟ. ಬಾವಿಯ ನೀರು ನಿಮ್ಮನ್ನು ಎಲ್ಲಿಗೂ ಎಳೆಯುವುದಿಲ್ಲ, ಕಡಲು ಎಳೆಯುತ್ತದೆ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ಸಮುದ್ರಪಾಲಾದರು. ಕಡಲು ಕಾಣದ ಊರಿನವರಿಗೆ ಕಡಲಿನ ಭಾಷೆ ಮೊದಲೇ ತಿಳಿಸಬೇಕಾದದ್ದು ಇದಕ್ಕಾಗಿಯೇ.

ಸರ್ಫಿಂಗ್ ಬರೀ ವಿದೇಶಿಯರ ಮೋಜೇ?

ಇದರ ತವರು ಹವಾಯಿ ಮತ್ತು ಪಾಲಿನೇಷ್ಯಾದ ದ್ವೀಪಗಳು. ಅಲ್ಲಿನ ಕುಶಲಕರ್ಮಿಗಳು ಕೋವಾ, ವಿಲಿವಿಲಿ ಮರಗಳಿಂದ ಹಲಗೆ ಕೆತ್ತುತ್ತಿದ್ದರು. ಇಂದು ಫೋಮ್‌ಗೆ ಆಕಾರ ಕೊಟ್ಟು, ಮೇಲೆ ಫೈಬರ್ ಗ್ಲಾಸ್ ಬಟ್ಟೆ ಮತ್ತು ರಾಳ ಹಚ್ಚುತ್ತಾರೆ. ಹವಾಯಿಯ ಡ್ಯೂಕ್ ಕಹಾನಮೋಕು 1912ರ ಒಲಿಂಪಿಕ್ಸ್ ಈಜಿನಲ್ಲಿ ಚಿನ್ನ ಗೆದ್ದವರು, ಸರ್ಫಿಂಗ್ ಅನ್ನು ಜಗತ್ತಿಗೆ ಪರಿಚಯಿಸಿದವರು. 1925ರಲ್ಲಿ ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬಳಿ ದೋಣಿಯೊಂದು ಮಗುಚಿದಾಗ, ತಮ್ಮ ಹಲಗೆಯ ಮೇಲೆ ಮತ್ತೆ ಮತ್ತೆ ಹೋಗಿ 8 ಜನರನ್ನು ಉಳಿಸಿದರು. ಅಂಥ ಈಜುಗಾರರೂ ಆ ದಿನ ಬರಿಗೈಯನ್ನು ನಂಬಲಿಲ್ಲ ಎನ್ನುವುದನ್ನು ಗಮನಿಸಿ.

ನಮ್ಮ ರಾಜ್ಯದಲ್ಲೂ ಈ ವಿದ್ಯೆ ಬೇರೂರಿದೆ. 'ಸರ್ಫಿಂಗ್ ಸ್ವಾಮಿ' ಎಂದೇ ಹೆಸರಾದ ಅಮೆರಿಕ ಮೂಲದ ಜ್ಯಾಕ್ ಹೆಬ್ನರ್ 2004ರಲ್ಲಿ ಮೂಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ ಕಟ್ಟಿದರು. ಅದೇ ಊರಿನ ತನ್ವಿ ಜಗದೀಶ್ ನಿಂತು ಹುಟ್ಟುಹಾಕುವ ಪ್ಯಾಡಲ್ ಕ್ರೀಡೆಯಲ್ಲಿ ಹೆಸರು ಮಾಡಿದರು. ಹತ್ತಿರದ ಸಸಿಹಿತ್ಲು ಕಡಲತೀರದಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆಯುತ್ತದೆ. 2025ರ ಆಗಸ್ಟ್‌ನಲ್ಲಿ ಮಹಾಬಲಿಪುರಂನ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ರಮೇಶ್ ಬೂದಿಹಾಳ ಭಾರತಕ್ಕೆ ಕಂಚು ತಂದರು.

ಸೆಳವಿಗೆ ಸಿಕ್ಕರೆ ಏನು ಮಾಡಬೇಕು?

ಸೆಳವು ನಿಮ್ಮನ್ನು ಕೆಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಅದಕ್ಕೆ ಎದುರಾಗಿ ದಡದತ್ತ ಈಜಿ ಸುಸ್ತಾಗುವುದರಿಂದಲೇ ಹೆಚ್ಚಿನ ಸಾವು.

• ಗಾಬರಿಯಾಗಬೇಡಿ. ಅಂಗಾತ ತೇಲಿ, ಕೈ ಎತ್ತಿ ಕೂಗಿ.
• ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ, ನೊರೆ ಇರುವ ಕಡೆಗೆ ಈಜಿ. ಸೆಳವಿನಿಂದ ಹೊರಬಂದ ಮೇಲೆ ಅಲೆಗಳೊಂದಿಗೆ ದಡಕ್ಕೆ ಬನ್ನಿ.
• ದಡದಲ್ಲಿರುವವರು ಹಿಂದೆಯೇ ಹಾರಬೇಡಿ. ಜೀವರಕ್ಷಕರನ್ನು ಕರೆಯಿರಿ, 112ಕ್ಕೆ ಫೋನ್ ಮಾಡಿ. ಖಾಲಿ ಕ್ಯಾನ್, ಚೆಂಡು, ಹಗ್ಗ, ಹೀಗೆ ತೇಲುವ ಯಾವುದನ್ನಾದರೂ ಎಸೆಯಿರಿ.
• ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರಕ್ಕೆ ಇಳಿಯಲೇಬೇಡಿ. ಕೆಂಪು ಬಾವುಟ ಇದ್ದರೆ ಯಾವ ತಿಂಗಳಲ್ಲೂ ಬೇಡ.

ಹೊರಡುವ ಮುನ್ನ ಇನ್‌ಕಾಯಿಸ್ ಸಂಸ್ಥೆಯ ಅಲೆ ಮುನ್ಸೂಚನೆ ನೋಡಿ. ಅದು ಇರುವುದು ಹೈದರಾಬಾದಿನಲ್ಲಿ, ಕಲಬುರಗಿಗೆ ಕಡಲಿಗಿಂತ ಬಹಳ ಹತ್ತಿರ. ಸಮುದ್ರವನ್ನು ದೂರದಿಂದಲೇ ಅಳೆಯಬಹುದು ಎನ್ನುವುದಕ್ಕೆ ಇದೇ ಸಾಕ್ಷಿ.

ನಮ್ಮ ತೀರ್ಪು: 'ಶಾಂತ ನೀರು ಸುರಕ್ಷಿತ' ಎಂಬ ಸಲಹೆ ತಪ್ಪು ಮತ್ತು ಅಪಾಯಕಾರಿ. ಅದು ನಿಮ್ಮ ಗ್ರೂಪಿಗೆ ಬಂದರೆ ಮುಂದೆ ಕಳಿಸಬೇಡಿ. ಬದಲಿಗೆ, ಪ್ರವಾಸದ ಬಸ್ಸು ಹತ್ತುವ ಮಕ್ಕಳಿಗೆ ಒಂದೇ ಮಾತು ಕಲಿಸಿ: ನೊರೆಯ ನಡುವೆ ನೊರೆಯಿಲ್ಲದ ಜಾಗ ಕಂಡರೆ, ಅದು ಕಡಲಿನ ಬಾಗಿಲು. ಒಳಗೆ ಹೋಗುವುದು ಸುಲಭ, ಹೊರಗೆ ಬರುವುದು ಕಷ್ಟ.