ಬಸುರಿಯ ವಾಕರಿಕೆ

ಯಲ್ಲಾಪುರದ ಕಡೆಯಿಂದ ಘಟ್ಟವಿಳಿದು ಕೈಗಾಕ್ಕೆ ಬರುವ ರಸ್ತೆ ದಟ್ಟವಾದ ಕಾಡಿನ ನಡುವೆ ತಿರುವಿನ ಮೇಲೆ ತಿರುವು ತೆಗೆದುಕೊಳ್ಳುತ್ತ ಸಾಗುತ್ತದೆ. ಈ ದಾರಿಯಲ್ಲಿ ಪ್ರಯಾಣ ಮಾಡುವವರಲ್ಲಿ ಕೆಲವರಿಗಾದರೂ ತಲೆ ಸುತ್ತಿ ಹೊಟ್ಟೆ ತೊಳಸುವುದುಂಟು. ವಾಹನದಿಂದ ಇಳಿದು ತಂಗಾಳಿಗೆ ಮುಖವೊಡ್ಡಿ ಸ್ವಲ್ಪ ಹೊತ್ತು ನಿಂತರೆ ಅದು ಕಡಿಮೆಯಾಗುತ್ತದೆ. ಆದರೆ ಅದೇ ವಾಹನದಲ್ಲಿ ಎರಡು ತಿಂಗಳ ಬಸುರಿಯೊಬ್ಬಳು ಬಂದಿದ್ದರೆ, ಇಳಿದ ಮೇಲೂ ಅವಳ ಸಂಕಟ ಮುಗಿಯುವುದಿಲ್ಲ. ಒಗ್ಗರಣೆಯ ವಾಸನೆ ಬಂದರೆ ವಾಕರಿಕೆ. ನೆರೆಮನೆಯಲ್ಲಿ ಒಣಮೀನು ಸುಟ್ಟರೆ ವಾಂತಿ. ಬೆಳಗ್ಗೆ ಹಲ್ಲುಜ್ಜಲು ಹೋದರೆ ಮತ್ತೆ ಅದೇ. ಇದೇಕೆ ಹೀಗೆ?

ಹತ್ತು ಮಂದಿ ಗರ್ಭಿಣಿಯರಲ್ಲಿ ಏಳೆಂಟು ಮಂದಿಗೆ ಈ ಅನುಭವವಾಗುತ್ತದೆ. ಸಾಮಾನ್ಯವಾಗಿ ಇದು ೪ರಿಂದ ೬ನೆಯ ವಾರದ ಹೊತ್ತಿಗೆ ತೊಡಗಿ, ೯ನೆಯ ವಾರದ ಸುಮಾರಿಗೆ ಉಲ್ಬಣಿಸಿ, ೧೪ನೆಯ ವಾರದ ಹೊತ್ತಿಗೆ ಹೆಚ್ಚಿನವರಲ್ಲಿ ಇಳಿದುಹೋಗುತ್ತದೆ. ಇದು ಬೆಳಗಿನ ಹೊತ್ತಿನ ಬೇನೆಯೆಂಬ ಭಾವನೆಯಿದೆಯಾದರೂ ದಿನದ ಯಾವ ವೇಳೆಯಲ್ಲಿಯೂ ಬರಬಹುದು. "ಬಸುರಿ ಎಂದ ಮೇಲೆ ಇದೆಲ್ಲ ಇದ್ದದ್ದೇ" ಎಂದು ಹಿರಿಯರು ಹೇಳುವುದರಲ್ಲಿ ಬಹುಪಾಲು ಸತ್ಯವಿದೆ. ಉಳಿದ ಚಿಕ್ಕ ಪಾಲನ್ನು ಅರಿಯದೆ ಹೋದರೆ ಮಾತ್ರ ಪ್ರಾಣಕ್ಕೇ ಅಪಾಯ ಒದಗಬಹುದು.

ವಾಂತಿಯೆಂದರೆ ಹೊಟ್ಟೆಯ ಕೆಲಸವೆಂದು ನಾವು ತಿಳಿಯುತ್ತೇವೆ. ನಿಜವಾಗಿ ಅದರ ಆಜ್ಞೆ ಹೊರಡುವುದು ಮಿದುಳಿನ ಬುಡದಿಂದ. ಅಲ್ಲಿರುವ ನರಕೋಶಗಳ ಜಾಲಕ್ಕೆ ಸುದ್ದಿ ತಲುಪಲು ಹಲವು ದಾರಿಗಳಿವೆ. ಕೆಟ್ಟ ಆಹಾರ ಸೇರಿದಾಗ ಜಠರದಿಂದ ವೇಗಸ್ ನರದ ಮೂಲಕ ಸುದ್ದಿ ಹೋಗುತ್ತದೆ. ಘಟ್ಟದ ತಿರುವುಗಳಲ್ಲಿ ದೇಹ ಹೊಯ್ದಾಡಿದಾಗ ಒಳಗಿವಿಯಿಂದ ಹೋಗುತ್ತದೆ. ದುರ್ವಾಸನೆ, ಅಸಹ್ಯವಾದ ನೋಟ, ಭಯ ಇವು ಮಿದುಳಿನ ಮೇಲ್ಭಾಗಗಳಿಂದ ಸುದ್ದಿ ಕಳುಹುತ್ತವೆ. ನಾಲ್ಕನೆಯ ದಾರಿ ರಕ್ತದ್ದು. ಮಿದುಳಿನ ಬಹುಭಾಗವನ್ನು ರಕ್ತದಲ್ಲಿರುವ ವಸ್ತುಗಳಿಂದ ಕಾಪಾಡುವ ತಡೆಯೊಂದಿದೆ. ಆದರೆ ಈ ಬುಡದಲ್ಲಿ ಒಂದು ಚಿಕ್ಕ ತಾಣದಲ್ಲಿ ಆ ತಡೆ ಸಡಿಲವಾಗಿದೆ. ರಕ್ತದಲ್ಲಿ ಹೊಸ ವಸ್ತು ಬಂದರೆ ಮಿದುಳು ಅಲ್ಲಿ ಅದನ್ನು ಗುರುತಿಸುತ್ತದೆ. ಬಸುರಿಯ ವಾಕರಿಕೆಯ ಮುಖ್ಯ ದಾರಿ ಇದೇ.

ಆ ವಸ್ತು ಯಾವುದು? ಬಹುಕಾಲ ಇದು ಒಗಟಾಗಿಯೇ ಉಳಿದಿತ್ತು. ಮಗುವನ್ನು ಒಲ್ಲದ ಮನಸ್ಸೇ ವಾಂತಿಯ ರೂಪದಲ್ಲಿ ಹೊರಬೀಳುತ್ತದೆಂದು ಹೇಳಿದ ವೈದ್ಯರೂ ಇಪ್ಪತ್ತನೆಯ ಶತಮಾನದಲ್ಲಿ ಇದ್ದರು. ಹಾಗೆ ನರಳುವವಳ ಮೇಲೆಯೇ ತಪ್ಪು ಹೊರಿಸಿದಂತಾಯಿತು. ಗರ್ಭಕಾಲದಲ್ಲಿ ಹೆಚ್ಚುವ ಹಾರ್ಮೋನುಗಳ ಮೇಲೂ ಸಂಶಯವಿತ್ತು. ಅಮೆರಿಕದ ತಳಿವಿಜ್ಞಾನಿ ಮಾರ್ಲಿನಾ ಫೆಜೊ ೧೯೯೯ರಲ್ಲಿ ತಾವೇ ತೀವ್ರವಾದ ಗರ್ಭವಾಂತಿಯಿಂದ ನರಳಿ ಗರ್ಭವನ್ನು ಕಳೆದುಕೊಂಡರು. ಕಾರಣವನ್ನು ಹುಡುಕಲು ಅವರು ವರ್ಷಗಟ್ಟಲೆ ದುಡಿದರು. ಅವರೂ ಕೇಂಬ್ರಿಜ್‌ನ ಸ್ಟೀಫನ್ ಓರಾಹಿಲಿಯವರೂ ಇತರ ಸಂಗಡಿಗರೂ ೨೦೨೩ರ ಡಿಸೆಂಬರಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಸಂಶೋಧನೆ ಈ ಒಗಟನ್ನು ಬಹುಮಟ್ಟಿಗೆ ಬಿಡಿಸಿದೆ.

ಆ ವಸ್ತುವಿನ ಹೆಸರು ಜಿಡಿಎಫ್-೧೫. ಇದೊಂದು ಪ್ರೋಟೀನು. ಜೀವಕೋಶಗಳಿಗೆ ತೊಂದರೆಯಾದಾಗ ಇದು ಅವುಗಳಿಂದ ಹೊರಟು ರಕ್ತವನ್ನು ಸೇರುತ್ತದೆ. ಎಲ್ಲರ ರಕ್ತದಲ್ಲಿಯೂ ಇದು ಅಷ್ಟಿಷ್ಟು ಇರುತ್ತದೆ. ಇದನ್ನು ಗ್ರಹಿಸುವ ಗ್ರಾಹಕ ಮಿದುಳಿನ ಬುಡದಲ್ಲಿ ಮಾತ್ರ ಇದೆಯೆಂಬುದು ೨೦೧೭ರಲ್ಲಿ ತಿಳಿದುಬಂದಿತ್ತು. ಗರ್ಭ ನಿಂತ ಮೇಲೆ ಶಿಶುವಿನ ಭಾಗವಾದ ಮಾಸು, ಎಂದರೆ ಜರಾಯು, ಇದನ್ನು ಹೇರಳವಾಗಿ ತಯಾರಿಸಿ ತಾಯಿಯ ರಕ್ತಕ್ಕೆ ಬಿಡುತ್ತದೆ.

ಹಾಗಾದರೆ ಒಬ್ಬಳಿಗೆ ಅತಿಯಾಗಿಯೂ ಇನ್ನೊಬ್ಬಳಿಗೆ ಅಲ್ಪವಾಗಿಯೂ ಬರುವುದೇಕೆ? ಕತ್ತಲೆ ಕೋಣೆಯಿಂದ ಥಟ್ಟನೆ ಬಿಸಿಲಿಗೆ ಬಂದವನ ಕಣ್ಣು ಕುಕ್ಕುತ್ತದೆ. ಮೊದಲೇ ಬಿಸಿಲಲ್ಲಿದ್ದವನಿಗೆ ಏನೂ ಆಗುವುದಿಲ್ಲ. ಅದರಂತೆಯೇ, ಗರ್ಭಕ್ಕೆ ಮೊದಲು ಯಾರ ರಕ್ತದಲ್ಲಿ ಈ ಪ್ರೋಟೀನು ಕಡಿಮೆಯಿತ್ತೋ ಅವರಿಗೆ ಅದರ ಏರಿಕೆ ಹೆಚ್ಚು ಬಾಧಿಸುತ್ತದೆ. ಬೀಟಾ ಥಲಸ್ಸೀಮಿಯ ಎಂಬ ರಕ್ತರೋಗವುಳ್ಳವರಲ್ಲಿ ಇದು ಬಹುಕಾಲದಿಂದಲೂ ಅಧಿಕವಾಗಿರುತ್ತದೆ. ಅವರಲ್ಲಿ ಬಸುರಿನ ವಾಕರಿಕೆ ವಿರಳವೆಂದು ಅದೇ ಸಂಶೋಧನೆಯಲ್ಲಿ ಕಂಡುಬಂದಿತು. ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ: ಈ ಸಂಕಟಕ್ಕೆ ತಾಯಿಯ ಮನಸ್ಸಿನ ದೌರ್ಬಲ್ಯ ಕಾರಣವಲ್ಲ. ನಮ್ಮ ಆಯುರ್ವೇದ ಗ್ರಂಥಗಳು ಗರ್ಭಿಣಿಯನ್ನು 'ಎರಡು ಹೃದಯದವಳು' ಎಂದು ಕರೆದಿದ್ದುವು. ಅವಳ ದೇಹದಲ್ಲಿ ಇನ್ನೊಂದು ಜೀವದ ರಾಸಾಯನಿಕವೂ ಕೆಲಸ ಮಾಡುತ್ತಿದೆಯೆಂಬುದು ಈಗ ಗೊತ್ತಾಗಿದೆ.

ಕೈಗಾದ ಹೆಸರು ಕೇಳಿದೊಡನೆ ಹೊಳೆಯುವುದು ಅಲ್ಲಿಯ ಅಣುವಿದ್ಯುತ್ ಸ್ಥಾವರ. ವಿಕಿರಣದಿಂದಲೂ ವಾಂತಿಯಾಗುವುದುಂಟಲ್ಲ, ಸ್ಥಾವರದ ಸಮೀಪದಲ್ಲಿರುವ ಬಸುರಿಯ ವಾಂತಿಗೆ ಅದೇ ಕಾರಣವಿರಬಹುದೆ ಎಂದು ಯಾರಾದರೂ ಕೇಳಿದರೆ ಅದು ಸಹಜವಾದ ಪ್ರಶ್ನೆಯೇ. ವಿಕಿರಣದಿಂದ ವಾಂತಿಯಾಗಬೇಕಾದರೆ ಸುಮಾರು ೧,೦೦೦ ಮಿಲಿಸೀವರ್ಟಿನಷ್ಟು ವಿಕಿರಣ ಒಮ್ಮೆಗೇ ಮೈಗೆ ತಗುಲಬೇಕು. ಸಾರ್ವಜನಿಕರಿಗೆ ಸ್ಥಾವರದಿಂದ ತಗುಲಬಹುದಾದ ವಿಕಿರಣಕ್ಕೆ ನಮ್ಮ ದೇಶದಲ್ಲಿ ವಿಧಿಸಿರುವ ಮಿತಿ ವರ್ಷಕ್ಕೆ ೧ ಮಿಲಿಸೀವರ್ಟ್. ಎರಡಕ್ಕೂ ಸಾವಿರ ಪಟ್ಟು ಅಂತರ. ಅಲ್ಲದೆ, ಕೈಗಾದಲ್ಲಿ ೨೦೦೦ದಲ್ಲಿ ವಿದ್ಯುತ್ತಿನ ವಾಣಿಜ್ಯ ಉತ್ಪಾದನೆ ತೊಡಗುವ ಎಷ್ಟೋ ಮೊದಲಿನಿಂದಲೂ ಆ ಸೀಮೆಯ ಬಸುರಿಯರು ವಾಂತಿ ಮಾಡುತ್ತಲೇ ಇದ್ದರು.

ಈಗ ಪರಿಹಾರದ ಮಾತು. ಹೊಟ್ಟೆ ಪೂರ್ತಿ ಬರಿದಾದರೂ ವಾಕರಿಕೆ ಹೆಚ್ಚುತ್ತದೆ, ತುಂಬಿ ಬಿರಿದರೂ ಹೆಚ್ಚುತ್ತದೆ. ಆದುದರಿಂದ ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪವಾಗಿ ಉಣ್ಣಬೇಕು. ಹಾಸಿಗೆಯಿಂದ ಏಳುವ ಮೊದಲೇ ಹಿಡಿ ಅವಲಕ್ಕಿಯನ್ನೋ ಒಣ ರೊಟ್ಟಿಯ ಚೂರನ್ನೋ ತಿನ್ನುವುದು ಒಳ್ಳೆಯದು. ಬಿಸಿ ಅಡಿಗೆಗಿಂತ ಆರಿದ ಅಡಿಗೆಗೆ ವಾಸನೆ ಕಡಿಮೆ. ಊಟದ ನಡುವೆ ನೀರು ಕುಡಿಯುವ ಬದಲು ಊಟವಾಗಿ ಸ್ವಲ್ಪ ಹೊತ್ತಿನ ಮೇಲೆ ಗುಟುಕು ಗುಟುಕಾಗಿ ಕುಡಿಯಬೇಕು. ಕಾರವಾರ, ಅಂಕೋಲೆಗಳ ಮನೆಗಳಲ್ಲಿ ಉಪ್ಪು ಹಾಕಿದ ಗಂಜಿಯ ತಿಳಿಯೂ ಮುರುಗಲು ಹಣ್ಣಿನ ಪಾನಕವೂ ಸುಲಭವಾಗಿ ಸಿಗುತ್ತವೆ. ಇವು ವಾಂತಿಯಿಂದ ನಷ್ಟವಾದ ನೀರನ್ನು ತುಂಬಿಕೊಡುತ್ತವೆ. ಗಂಜಿಯ ತಿಳಿಯಿಂದ ಉಪ್ಪೂ ದೊರೆಯುತ್ತದೆ. ಶುಂಠಿಯಿಂದ ವಾಕರಿಕೆ ಕೊಂಚ ತಗ್ಗುತ್ತದೆಂದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಎಲ್ಲಕ್ಕಿಂತ ದೊಡ್ಡ ಉಪಕಾರವೆಂದರೆ, ಆ ಕೆಲವು ವಾರಗಳ ಮಟ್ಟಿಗೆ ಒಲೆಯ ಮುಂದಿನ ಕೆಲಸವನ್ನು ಮನೆಯ ಇತರರು, ಗಂಡಸರೂ ಸೇರಿ, ವಹಿಸಿಕೊಳ್ಳುವುದು.

ಇಷ್ಟರಿಂದ ಗುಣವಾಗದಿದ್ದರೆ ಔಷಧಿಯುಂಟು. ಆದರೆ ಬಸುರಿಯರ ಔಷಧಿಯೆಂದರೆ ಜನ ಹೆದರುತ್ತಾರೆ. ಆ ಹೆದರಿಕೆಗೆ ಇತಿಹಾಸದ ಕಾರಣವಿದೆ. ೧೯೫೭ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥಾಲಿಡೊಮೈಡ್ ಎಂಬ ನಿದ್ರೆಯ ಮಾತ್ರೆಯನ್ನು ಬಸುರಿಯರ ವಾಕರಿಕೆಗೂ ಕೊಡಲಾಯಿತು. ಅದರಿಂದ ಅನೇಕ ದೇಶಗಳಲ್ಲಿ ಕೈಕಾಲುಗಳು ಸರಿಯಾಗಿ ಬೆಳೆಯದ ಸುಮಾರು ಹತ್ತು ಸಾವಿರ ಶಿಶುಗಳು ಹುಟ್ಟಿದುವು. ೧೯೬೧ರ ನವೆಂಬರಿನಲ್ಲಿ ಜರ್ಮನಿಯಲ್ಲಿ ಅದನ್ನು ಹಿಂತೆಗೆದುಕೊಂಡರು. ಈ ದುರಂತದ ಪಾಠ ಔಷಧಿಯನ್ನೇ ತೊರೆಯಬೇಕೆಂಬುದಲ್ಲ. ಪರೀಕ್ಷಿಸದ ಔಷಧಿಯನ್ನು ಕೊಡಬಾರದೆಂಬುದು. ಪಿರಿಡಾಕ್ಸಿನ್ ಎಂಬ ಬಿ-೬ ಜೀವಸತ್ತ್ವವೂ ಡಾಕ್ಸಿಲಮೈನ್ ಎಂಬ ಔಷಧಿಯೂ ಸೇರಿದ ಮಾತ್ರೆಯನ್ನು ಬಹಳ ಮಂದಿ ಗರ್ಭಿಣಿಯರು ಸೇವಿಸಿದ್ದಾರೆ. ಅದರಿಂದ ಶಿಶುವಿಗೆ ಹಾನಿಯಿಲ್ಲವೆಂದು ವಿಸ್ತಾರವಾದ ಪರಿಶೀಲನೆಗಳು ತೋರಿಸಿವೆ. ಆದರೂ ಅದನ್ನು ವೈದ್ಯರ ಸಲಹೆಯಂತೆಯೇ ತೆಗೆದುಕೊಳ್ಳಬೇಕು.

ಕೊನೆಯದಾಗಿ, ಆ ಚಿಕ್ಕ ಪಾಲಿನ ವಿಷಯ. ನೂರರಲ್ಲಿ ಒಬ್ಬಿಬ್ಬರಿಗೆ ವಾಂತಿ ನಿಲ್ಲುವುದೇ ಇಲ್ಲ. ಇಡೀ ದಿನ ಕುಡಿದ ನೀರು ಹೊಟ್ಟೆಯಲ್ಲಿ ನಿಲ್ಲದಿರುವುದು, ಎಂಟು ಗಂಟೆಗಳ ಕಾಲ ಮೂತ್ರ ಬಾರದಿರುವುದು ಅಥವಾ ಕಪ್ಪಾದ ಬಣ್ಣದಲ್ಲಿ ಬರುವುದು, ಎದ್ದು ನಿಂತರೆ ಕಣ್ಣು ಕತ್ತಲೆಗಟ್ಟುವುದು, ವಾಂತಿಯಲ್ಲಿ ರಕ್ತ ಕಾಣುವುದು, ತೂಕ ನೂರಕ್ಕೆ ಐದರಷ್ಟು ಇಳಿಯುವುದು – ಇವುಗಳಲ್ಲಿ ಒಂದು ಕಂಡರೂ ತಡಮಾಡಬಾರದು. ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಲವಣದ ದ್ರಾವಣವನ್ನು ಕೊಡುತ್ತಾರೆ. ಬಹುದಿನ ಉಪವಾಸವಿದ್ದವಳಿಗೆ ಗ್ಲೂಕೋಸಿಗಿಂತ ಮೊದಲು ಥಯಮಿನ್, ಎಂದರೆ ಬಿ-೧ ಜೀವಸತ್ತ್ವ, ಕೊಡಬೇಕು. ಇಲ್ಲವಾದರೆ ಮಿದುಳಿಗೆ ಹಾನಿಯಾಗಬಹುದು. ಆದುದರಿಂದ ಎಷ್ಟು ದಿನದಿಂದ ಊಟ ನಿಂತಿದೆಯೆಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಕೈಗಾದಿಂದ ಜಿಲ್ಲಾಸ್ಪತ್ರೆಯಿರುವ ಕಾರವಾರಕ್ಕೆ ದೂರವಿದೆ. ಮಳೆಗಾಲದಲ್ಲಿ ಹಳ್ಳಗಳು ಉಕ್ಕಿದರೆ ಕಾಡಿನ ಒಳಗಿನ ಮನೆಗಳಿಂದ ಹೆದ್ದಾರಿಗೆ ಬರುವುದೇ ಕಷ್ಟ. ಇಂಥ ಕಡೆಯಲ್ಲಿ "ನಾಳೆ ನೋಡೋಣ" ಎನ್ನುವ ಮಾತು ಅಪಾಯಕರ. ಮನೆಯಲ್ಲಿ ಅಕ್ಕನೋ ಅತ್ತಿಗೆಯೋ ಬಸುರಿಯಾಗಿದ್ದರೆ, ಈ ಲಕ್ಷಣಗಳನ್ನು ಓದುಗರು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಲಿ. ಅದರ ಕೆಳಗೆ ಆಶಾ ಕಾರ್ಯಕರ್ತೆಯ ದೂರವಾಣಿ ಸಂಖ್ಯೆಯನ್ನೂ ಆಂಬುಲೆನ್ಸಿನ ೧೦೮ನ್ನೂ ಬರೆದಿಡಲಿ.