ಹಾರದ ರಾಕೆಟ್ಟೇ ಹೆಚ್ಚು ಅಪಾಯ



ಅಕ್ಟೋಬರ್ 4ರಿಂದ 10ರವರೆಗೆ ವಿಶ್ವ ಬಾಹ್ಯಾಕಾಶ ಸಪ್ತಾಹ. 1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟವು ಸ್ಪುಟ್ನಿಕ್ ಎಂಬ ಮೊದಲ ಕೃತಕ ಉಪಗ್ರಹವನ್ನು ಹಾರಿಸಿತು. ಅದಕ್ಕೇ ಈ ಸಪ್ತಾಹ ಆ ದಿನದಿಂದ ಶುರುವಾಗುತ್ತದೆ. ಆ ವಾರ ನಮ್ಮ ವಿಜ್ಞಾನ ಸಂಘದವರು ಮೈದಾನದಲ್ಲಿ ನೀರಿನ ರಾಕೆಟ್ ಹಾರಿಸುತ್ತೇವೆ. ಹೋದ ವರ್ಷ ಏನಾಯ್ತು ಅಂತ ನಿಮಗೆಲ್ಲ ಗೊತ್ತು. ಪೆಟ್ಟಾದದ್ದು ನನಗೇ. ಈ ವರ್ಷ ರಾಕೆಟ್ಟೇ ಬೇಡ ಅಂತ ಕೆಲವರ ಮನೆಯಲ್ಲಿ ಹೇಳ್ತಿದ್ದಾರೆ. ಆದರೆ ತಪ್ಪು ರಾಕೆಟ್ಟಿನದಲ್ಲ, ನನ್ನದು. ಅದಕ್ಕೇ ಈ ಲೇಖನ ಬರೆದಿದ್ದೇನೆ.

ಮೊದಲು ರಾಕೆಟ್ ಹೇಗೆ ಹಾರುತ್ತದೆ ಅಂತ ತಿಳಿಯೋಣ. ಸೋಡಾ ತರಹದ ಪಾನೀಯದ ಖಾಲಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಮೂರನೇ ಒಂದು ಭಾಗ ನೀರು ತುಂಬಬೇಕು. ಬಾಯಿಗೆ ಬಿಗಿಯಾಗಿ ಬಿರಡೆ ಹಾಕಬೇಕು. ಬಿರಡೆಯ ನಡುವೆ ಫುಟ್‌ಬಾಲಿಗೆ ಗಾಳಿ ತುಂಬುವ ಸೂಜಿ ಚುಚ್ಚಿ, ಬಾಟಲಿಯನ್ನು ತಲೆಕೆಳಗಾಗಿ ಸ್ಟ್ಯಾಂಡಿನ ಮೇಲಿಟ್ಟು, ಸೈಕಲ್ ಪಂಪಿನಿಂದ ಗಾಳಿ ಹೊಡೆಯಬೇಕು. ಒಳಗೆ ಗಾಳಿ ಒತ್ತಿಕೊಳ್ಳುತ್ತಾ ಹೋಗುತ್ತದೆ. ಬಿರಡೆಗೆ ತಡೆಯಲು ಆಗದಿದ್ದಾಗ ಅದು ಕಳಚಿಕೊಳ್ಳುತ್ತದೆ. ಗಾಳಿ ನೀರನ್ನು ಕೆಳಕ್ಕೆ ತಳ್ಳುತ್ತದೆ, ನೀರು ಬಾಟಲಿಯನ್ನು ಮೇಲಕ್ಕೆ ತಳ್ಳುತ್ತದೆ. ಇದೇ ನ್ಯೂಟನ್ ಹೇಳಿದ ಮೂರನೇ ನಿಯಮ. ಇಸ್ರೋದ ದೊಡ್ಡ ರಾಕೆಟ್ಟೂ ಇದೇ ನಿಯಮದ ಮೇಲೆ ಹಾರುತ್ತದೆ. ಅಲ್ಲಿ ಕೆಳಗೆ ಬರುವುದು ಬೆಂಕಿಯ ಅನಿಲ, ನಮ್ಮದರಲ್ಲಿ ನೀರು, ಅಷ್ಟೇ ವ್ಯತ್ಯಾಸ.

ಈಗ ನನ್ನ ಕಥೆ. ಹೋದ ವರ್ಷ ನನ್ನ ಸರದಿ ಬಂದಾಗ ಇಪ್ಪತ್ತು ಸಲ ಪಂಪು ಹೊಡೆದರೂ ರಾಕೆಟ್ ಏಳಲಿಲ್ಲ. "ಏ, ನಿನ್ನ ರಾಕೆಟ್ಟಿಗೆ ನಿದ್ದೆ ಬಂದಿದೆ ಕಣೋ" ಅಂತ ಎಲ್ಲರೂ ನಕ್ಕರು. ನನಗೆ ನಾಚಿಕೆಯಾಯ್ತು. "ಹತ್ತಿರ ಹೋಗಬೇಡ" ಅಂತ ಸರ್ ಮೊದಲೇ ಹೇಳಿದ್ದರು. ನಾನು ಕೇಳಲಿಲ್ಲ. ಓಡಿ ಹೋಗಿ ಬಗ್ಗಿ ಬಿರಡೆ ಮುಟ್ಟಿದೆ ಅಷ್ಟೇ, ಫಟ್ ಅಂತ ಶಬ್ದ! ಮುಖಕ್ಕೆಲ್ಲ ನೀರು. ಹುಬ್ಬಿನ ಮೇಲೆ ಎರಡು ಹೊಲಿಗೆ ಬಿತ್ತು. ಕಣ್ಣಿಗೂ ಗಾಯಕ್ಕೂ ಒಂದು ಬೆರಳಿನಷ್ಟೇ ದೂರ. ಅಮ್ಮ ಎರಡು ದಿನ ನನ್ನ ಹತ್ತಿರ ಮಾತೇ ಆಡಲಿಲ್ಲ.

ಯಾಕೆ ಹಾಗಾಯ್ತು? ಏಳದ ರಾಕೆಟ್ ಖಾಲಿ ಅಂತ ನಾನು ತಿಳಿದಿದ್ದೆ. ಅದು ಖಾಲಿಯಲ್ಲ, ಅದೇ ಎಲ್ಲಕ್ಕಿಂತ ತುಂಬಿದ ರಾಕೆಟ್! ಬಿಗಿಯಾದ ಬಿರಡೆ ಇನ್ನೇನು ಬಿಡಬೇಕು ಎನ್ನುವ ಹಂತದಲ್ಲಿತ್ತು. ನನ್ನ ಬೆರಳು ತಾಗಿದ್ದೇ ಸಾಕಾಯ್ತು.

ನಮ್ಮ ಕೊಡಗಿನವರಿಗೆ ಇದು ಹೊಸ ಪಾಠ ಅಲ್ಲ. ಸೆಪ್ಟೆಂಬರ್ 3ರ ಕೈಲ್ ಮುಹೂರ್ತ ಹಬ್ಬದಲ್ಲಿ ಎತ್ತರದ ಮರಕ್ಕೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದಲ್ಲ, ಅಲ್ಲಿ ನೋಡಿ. ಕೋವಿ ಹಿಡಿದವರ ಮುಂದೆ ಯಾರೂ ನಿಲ್ಲಬಾರದು. ಮಕ್ಕಳನ್ನು ಹಿಂದಕ್ಕೆ ಕಳಿಸುತ್ತಾರೆ. ನಮ್ಮ ಪಕ್ಕದ ಮನೆಯ ಅಜ್ಜ, "ಕೋವಿ ಖಾಲಿ ಇದ್ದರೂ ತುಂಬಿದೆ ಅಂತಲೇ ತಿಳಿ ಮಗಾ" ಅನ್ನುತ್ತಾರೆ. ರಾಕೆಟ್ಟಿಗೂ ಇದೇ ಮಾತು.

ಬೇರೆ ದೇಶದ ಮಕ್ಕಳಿಗೂ ಹೀಗೇ ಆಗಿದೆ. ಸ್ಪುಟ್ನಿಕ್ ಹಾರಿದ ಮೇಲೆ ಅಮೆರಿಕದಲ್ಲಿ ಎಷ್ಟೋ ಹುಡುಗರು ಲೋಹದ ಕೊಳವೆಗೆ ಪುಡಿ ತುಂಬಿ ಮನೆಯಲ್ಲೇ ರಾಕೆಟ್ ಮಾಡಲು ಹೋಗಿ ಗಾಯಗೊಂಡರು. ಆರ್ವಿಲ್ ಕಾರ್ಲೈಲ್ ಎಂಬ ಚಪ್ಪಲಿ ಅಂಗಡಿಯವರು ಅದಕ್ಕೆ ಮೊದಲೇ, 1954ರಲ್ಲಿ, ಹಗುರವಾದ ಕಾಗದದ ಮಾದರಿ ರಾಕೆಟ್ ಮಾಡಿದ್ದರು. ಹ್ಯಾರಿ ಸ್ಟೈನ್ ಎಂಬ ಎಂಜಿನಿಯರರು ಅವರ ಜೊತೆ ಸೇರಿ ಸುರಕ್ಷತೆಯ ನಿಯಮಗಳನ್ನು ಬಳಕೆಗೆ ತಂದರು. ಅಲ್ಲಿನ ರಾಕೆಟ್ ಸಂಘದ ನಿಯಮದಂತೆ, ಹೊತ್ತದ ರಾಕೆಟ್ಟಿನ ಬಳಿ ಒಂದು ನಿಮಿಷ ಯಾರೂ ಹೋಗಬಾರದು. ನನಗೆ ಆ ಒಂದು ನಿಮಿಷ ಇರಲಿಲ್ಲ!

ಈ ವರ್ಷ ನಾವೆಲ್ಲ ಪಾಲಿಸಬೇಕಾದ ನಿಯಮಗಳು:

1. ಸೋಡಾ ತರಹದ ಪಾನೀಯದ ಬಾಟಲಿಯೇ ಬೇಕು. ಅದು ಒತ್ತಡ ತಡೆಯಲೆಂದೇ ಮಾಡಿದ್ದು. ತೆಳ್ಳಗಿನ ನೀರಿನ ಬಾಟಲಿ ಬೇಡ. ಗೀರು ಬಿದ್ದದ್ದು, ಮಡಚಿದ್ದು ಬೇಡ.

2. ಗಾಜು, ಕಬ್ಬಿಣ, ತಗಡು ಬೇಡವೇ ಬೇಡ. ಹೈದರಾಲಿ, ಟಿಪ್ಪು ಕಾಲದ ಮೈಸೂರು ರಾಕೆಟ್ಟಿಗೆ ಕಬ್ಬಿಣದ ಕೊಳವೆ ಇತ್ತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಳೇ ಬಾವಿಯೊಂದರಲ್ಲಿ ಅಂಥವು ಸಾವಿರಕ್ಕೂ ಹೆಚ್ಚು ಸಿಕ್ಕಿವೆ. ಆದರೆ ಅವು ಯುದ್ಧಕ್ಕೆ ಮಾಡಿದವು. ಲೋಹ ಒಡೆದರೆ ಚೂರು ಗುಂಡಿನ ಹಾಗೆ ಬರುತ್ತದೆ. ಪಟಾಕಿ ಮದ್ದನ್ನು ಬಿಚ್ಚಿ ತುಂಬುವುದಂತೂ ಕೂಡದು.

3. ಪಂಪಿನ ಪೈಪು ಮೋಟು. ಅದಕ್ಕೆ ಉದ್ದದ ಪೈಪು ಜೋಡಿಸಿ, ಪಂಪು ಹೊಡೆಯುವವರು ಹದಿನೈದು ಅಡಿ ದೂರ ನಿಲ್ಲಬೇಕು. ನೋಡುವವರು ಇನ್ನೂ ಹಿಂದೆ, ಸುಣ್ಣದ ಗೆರೆಯ ಆಚೆ ನಿಲ್ಲಬೇಕು. ಒಂದನೇ ಎರಡನೇ ತರಗತಿಯ ಪುಟಾಣಿಗಳ ಕೈ ಹಿಡಿದುಕೊಳ್ಳುವುದು ನಮ್ಮ ಏಳನೆಯವರ ಕೆಲಸ.

4. ಮೂತಿ ನೇರ ಆಕಾಶಕ್ಕೆ ಇರಲಿ. ಸ್ವಲ್ಪ ವಾಲಿಸುವುದಾದರೆ ಜನ ಇಲ್ಲದ ಕಡೆಗೆ. ಜೋರು ಗಾಳಿ ಇದ್ದರೆ ಅವತ್ತು ಬೇಡ.

5. ಪಂಪು ಶುರು ಮಾಡುವ ಮೊದಲು ಎಲ್ಲರಿಗೂ ಕೇಳುವ ಹಾಗೆ "ಐದು, ನಾಲ್ಕು, ಮೂರು, ಎರಡು, ಒಂದು" ಎಂದು ಕೂಗಬೇಕು. ಬಿರಡೆ ಯಾವಾಗ ಬಿಡುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಆದ್ದರಿಂದ ಆಮೇಲೆ ಗೆರೆ ದಾಟುವ ಹಾಗಿಲ್ಲ.

6. ರಾಕೆಟ್ ಏಳದಿದ್ದರೆ ಪಂಪು ನಿಲ್ಲಿಸಿ ಅರವತ್ತರವರೆಗೆ ಎಣಿಸಬೇಕು. ಆಮೇಲೆ ಸರ್ ಮಾತ್ರ ಪಂಪಿನ ಹತ್ತಿರದ ತುದಿಯಲ್ಲೇ ಪೈಪು ಬಿಚ್ಚುತ್ತಾರೆ. ಬಾಟಲಿಯ ಗಾಳಿ, ನೀರು ಪೈಪಿನಲ್ಲಿ ವಾಪಸು ಬಂದು ಒತ್ತಡ ಇಳಿಯುತ್ತದೆ. ಬಾಟಲಿಯ ಹತ್ತಿರ ಹೋಗುವ ಅಗತ್ಯವೇ ಇಲ್ಲ.

7. ಬೀಳುವ ರಾಕೆಟ್ಟನ್ನು ಕ್ಯಾಚ್ ಹಿಡಿಯಬೇಡಿ. ಕರೆಂಟು ತಂತಿಗೋ ಸಿಲ್ವರ್ ಓಕ್ ಮರಕ್ಕೋ ಸಿಕ್ಕಿಕೊಂಡರೆ ಬಿಟ್ಟುಬಿಡಿ. ಬಾಟಲಿ ಇನ್ನೊಂದು ಸಿಗುತ್ತದೆ.

ಕೊನೆಯದಾಗಿ ಒಂದು ಮಾತು. 2019ರ ಜುಲೈ 15ರಂದು ಚಂದ್ರಯಾನ-2 ಹೊರಡಲು 56 ನಿಮಿಷ ಇರುವಾಗ ರಾಕೆಟ್ಟಿನಲ್ಲಿ ದೋಷ ಕಂಡಿತು. ದೇಶವೆಲ್ಲ ಕಾಯುತ್ತಿದ್ದರೂ ಇಸ್ರೋದವರು ಎಣಿಕೆ ನಿಲ್ಲಿಸಿದರು. ಸರಿಮಾಡಿ ಒಂದು ವಾರದ ನಂತರ, ಜುಲೈ 22ರಂದು ಹಾರಿಸಿದರು. ಅಷ್ಟು ದೊಡ್ಡ ವಿಜ್ಞಾನಿಗಳಿಗೇ ನಿಲ್ಲಿಸಲು ನಾಚಿಕೆ ಆಗಲಿಲ್ಲ. ನನಗೆ ಯಾಕೆ ಆಗಬೇಕಿತ್ತು?

ಆದ್ದರಿಂದ ಗೆಳೆಯರೆ, ಈ ಸಲ ಯಾರ ರಾಕೆಟ್ ಏಳದಿದ್ದರೂ ನಗಬೇಡಿ. ನಾವು ನಕ್ಕರೆ ಅವರು ಓಡುತ್ತಾರೆ. ಎಲ್ಲರೂ ಸೇರಿ ಒಂದರಿಂದ ಅರವತ್ತರವರೆಗೆ ಜೋರಾಗಿ ಎಣಿಸೋಣ. ಗೆರೆಯ ಹತ್ತಿರ ನಿಂತು ಎಣಿಸಲು ಶುರು ಮಾಡುವವನು ನಾನೇ. ಅಮ್ಮನೂ ನೋಡಲು ಬರುತ್ತೇನೆ ಅಂದಿದ್ದಾರೆ.

— ಏಳನೇ ತರಗತಿಯ ವಿದ್ಯಾರ್ಥಿ, ವಿಜ್ಞಾನ ಸಂಘ