ವಿಮಾನದ ಎರಡು ಎತ್ತರಗಳು

(ಅಂತಿಮ ಬಿ. ಎ. ವಿದ್ಯಾರ್ಥಿ, ಮೋಮಿನಪುರ, ಕಲಬುರಗಿ)

ಆಕಾಶದಲ್ಲಿ ವಿಮಾನದ ಸದ್ದು ಕೇಳಿದೊಡನೆ ಮಾಳಿಗೆ ಹತ್ತುವ ಅಭ್ಯಾಸ ನಮ್ಮ ಮೋಮಿನಪುರದ ಮಕ್ಕಳಿಗೆ ಇನ್ನೂ ತಪ್ಪಿಲ್ಲ. 2019ನೆಯ ಇಸವಿ ನವೆಂಬರ್ 22ರಂದು ಶ್ರೀನಿವಾಸ ಸರಡಗಿಯ ಬಳಿ ನಮ್ಮೂರ ವಿಮಾನ ನಿಲ್ದಾಣ ಆರಂಭವಾಯಿತು. ಆ ಬಳಿಕ ಪ್ರಯಾಣಿಕರ ವಿಮಾನಗಳಲ್ಲದೆ, ಚಾಲನೆ ಕಲಿಯುವವರ ಚಿಕ್ಕ ವಿಮಾನಗಳನ್ನೂ ಇಲ್ಲಿಯ ಜನ ಕಂಡರು. “ಅದು ಎಷ್ಟು ಎತ್ತರದಲ್ಲಿದೆ?” ಎಂದು ನನ್ನ ತಮ್ಮ ಒಮ್ಮೆ ಕೇಳಿದನು. ಪ್ರಶ್ನೆ ಸರಳವಾದುದು, ಆದರೆ ವಿಮಾನದೊಳಗೇ ಅದಕ್ಕೆ ಎರಡು ಉತ್ತರಗಳುಂಟು.

ಇದು ನನಗೆ ತಿಳಿದುದು ಒಂದು ಚಿತ್ರದಿಂದ. ನೆಲದ ಮೇಲೆಯೇ ನಿಂತಿದ್ದ ಚಿಕ್ಕ ವಿಮಾನವೊಂದರ ಉಪಕರಣಗಳ ಫಲಕವನ್ನು ಗೆಳೆಯನೊಬ್ಬನು ಮೊಬೈಲಿನಲ್ಲಿ ತೋರಿಸಿದನು. ಗಡಿಯಾರದಂತಿರುವ ಎತ್ತರಮಾಪಕ ಒಂದು ಅಂಕಿಯನ್ನು ಹೇಳುತ್ತಿತ್ತು. ಪಕ್ಕದ ಟ್ರಾನ್ಸ್‌ಪಾಂಡರ್ ಪೆಟ್ಟಿಗೆ ಅದಕ್ಕಿಂತ ಇನ್ನೂರು ಅಡಿಗೂ ಹೆಚ್ಚಿನ ಅಂಕಿಯನ್ನು ಹೇಳುತ್ತಿತ್ತು. ಯಂತ್ರ ಕೆಟ್ಟಿದೆಯೆಂದು ನಾವಿಬ್ಬರೂ ತೀರ್ಪು ಕೊಟ್ಟೆವು. ಓದಿ ನೋಡಿದಾಗ ತಪ್ಪು ನಮ್ಮದೆಂದು ಗೊತ್ತಾಯಿತು.

ವಿಮಾನದ ಎತ್ತರಮಾಪಕವು ವಾಸ್ತವವಾಗಿ ಒಂದು ವಾಯುಭಾರಮಾಪಕ. ಮೇಲೇರಿದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ನೆಲದ ಸಮೀಪದಲ್ಲಿ ಸುಮಾರು 27 ಅಡಿ ಏರಿದರೆ ಒಂದು ಹೆಕ್ಟೋಪಾಸ್ಕಲ್‌ನಷ್ಟು ಇಳಿಯುತ್ತದೆಂದು ಲೆಕ್ಕ. ಆದರೆ ಒತ್ತಡವು ಎತ್ತರದಿಂದ ಮಾತ್ರವಲ್ಲ, ಹವೆಯಿಂದಲೂ ದಿನದಿನಕ್ಕೆ ಬದಲಾಗುತ್ತದೆ. ಆದುದರಿಂದ ಚಾಲಕನು ಆ ದಿನದ ಸ್ಥಳೀಯ ಒತ್ತಡವನ್ನು ನಿಲ್ದಾಣದವರಿಂದ ಕೇಳಿಕೊಂಡು, ಗುಂಡಿ ತಿರುಗಿಸಿ ಮಾಪಕವನ್ನು ಸರಿಪಡಿಸಿಕೊಳ್ಳುತ್ತಾನೆ. ಆಗ ಅದು ಸಮುದ್ರಮಟ್ಟದಿಂದ ಎಷ್ಟು ಎತ್ತರವೆಂಬುದನ್ನು ಹೇಳುತ್ತದೆ.

ಟ್ರಾನ್ಸ್‌ಪಾಂಡರ್ ಎಂದರೆ ಕೇಳಿದ್ದಕ್ಕೆ ಉತ್ತರ ಕೊಡುವ ಯಂತ್ರ. ನೆಲದ ರಾಡಾರ್ 1030 ಮೆಗಾಹರ್ಟ್ಸ್ ಅಲೆಯಲ್ಲಿ ಪ್ರಶ್ನಿಸುತ್ತದೆ. ವಿಮಾನವು 1090 ಮೆಗಾಹರ್ಟ್ಸ್ ಅಲೆಯಲ್ಲಿ ತನ್ನ ನಾಲ್ಕು ಅಂಕಿಗಳ ಗುರುತನ್ನೂ ಎತ್ತರವನ್ನೂ ತಿಳಿಸುತ್ತದೆ. ಹಳೆಯ ಬಗೆಯ ಯಂತ್ರಗಳು ನೂರು ಅಡಿಗಳ ಲೆಕ್ಕದಲ್ಲಿ ಎತ್ತರವನ್ನು ಕಳುಹಿಸುತ್ತವೆ. ಹೊಸ ಬಗೆಯವು 25 ಅಡಿಗಳಷ್ಟು ಸೂಕ್ಷ್ಮವಾಗಿ ಕಳುಹಿಸಬಲ್ಲವು. ಪೆಟ್ಟಿಗೆಯ ಮೇಲೆ 017 ಎಂದಿದ್ದರೆ 1700 ಅಡಿ ಎಂದರ್ಥ.

ಇಲ್ಲಿಯೇ ಇದೆ ಭೇದದ ಮೂಲ. ಚಾಲಕನು ಗುಂಡಿಯನ್ನು ಎಷ್ಟೇ ತಿರುಗಿಸಲಿ, ಟ್ರಾನ್ಸ್‌ಪಾಂಡರಿಗೆ ಅದು ತಾಗುವುದಿಲ್ಲ. ಅದರ ಅಳತೆ ಯಾವಾಗಲೂ 1013.25 ಹೆಕ್ಟೋಪಾಸ್ಕಲ್ ಎಂಬ ನಿಶ್ಚಿತ ಒತ್ತಡದಿಂದಲೇ ಆರಂಭವಾಗುತ್ತದೆ. ಸುಮಾರು 1500 ಅಡಿ ಎತ್ತರದ ನಮ್ಮೂರಿನಲ್ಲಿ, ಸಮುದ್ರಮಟ್ಟಕ್ಕೆ ಲೆಕ್ಕ ಹಾಕಿದ ಒತ್ತಡ 1005 ಇರುವ ದಿನ ವಿಮಾನವೊಂದು ನಿಂತಿದೆಯೆನ್ನೋಣ. ಮಾಪಕ 1500 ಎನ್ನುತ್ತದೆ; ಎಂಟು ಹೆಕ್ಟೋಪಾಸ್ಕಲ್‌ಗಳ ಅಂತರಕ್ಕೆ ಇನ್ನೂರು ಅಡಿಗೆ ಮಿಕ್ಕಿ ಸೇರಿಸಿ ಪೆಟ್ಟಿಗೆ 017 ಎನ್ನುತ್ತದೆ. ಎರಡೂ ನಿಜವೇ.

ನಮ್ಮ ಓಣಿಯ ಹಿರಿಯರಿಗೆ ಇದನ್ನು ಹೇಳಿದರೆ ಆಶ್ಚರ್ಯಪಡಲಾರರು. ನಿಜಾಮರ ಕಾಲದಲ್ಲಿ ಈ ಸೀಮೆಯಲ್ಲಿ ಹಾಲಿ ಸಿಕ್ಕಾ ಬೇರೆ, ಬ್ರಿಟಿಷರ ಕಲ್ದಾರ್ ಬೇರೆ. ಏಳು ಹಾಲಿ ರೂಪಾಯಿ ಸುಮಾರು ಆರು ಕಲ್ದಾರಿಗೆ ಸಮ. “ಮೊದ್ಲು ಹಾಲಿನೋ ಕಲ್ದಾರೋ ಕೇಳ, ಆಮ್ಯಾಗ ಲೆಕ್ಕಾ ಮಾಡ” ಎಂದು ನಮ್ಮ ಅಜ್ಜ ಹೇಳುತ್ತಿದ್ದರು. ಎತ್ತರಕ್ಕೂ ಈ ಮಾತೇ ಸಲ್ಲುತ್ತದೆ.

ಹಾಗಾದರೆ ಪೆಟ್ಟಿಗೆಯನ್ನೂ ಸ್ಥಳೀಯ ಒತ್ತಡಕ್ಕೆ ಏಕೆ ಹೊಂದಿಸಬಾರದು? ಒಬ್ಬನು ಗುಂಡಿಯನ್ನು ತಪ್ಪಾಗಿ ತಿರುಗಿಸಿದರೆ ಆ ತಪ್ಪು ಎಲ್ಲರಿಗೂ ಹರಡೀತು. ಎಲ್ಲ ವಿಮಾನಗಳೂ ಒಂದೇ ನೆಲೆಯಿಂದ ಅಳೆದರೆ, ಅವುಗಳ ನಡುವಣ ಅಂತರ ಸರಿಯಾಗಿ ತಿಳಿಯುತ್ತದೆ. ಕೆಳಮಟ್ಟದಲ್ಲಿ ಬೇಕಾದ ಸ್ಥಳೀಯ ತಿದ್ದುಪಡಿಯನ್ನು ನೆಲದ ಗಣಕಯಂತ್ರ ಮಾಡಿಕೊಳ್ಳುತ್ತದೆ.

ಈ ಅಂಕಿಯ ಬೆಲೆಯನ್ನು ನಮ್ಮ ದೇಶ ದುಃಖದಿಂದ ಕಲಿಯಿತು. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ಮತ್ತು ಕಜಾಕಿಸ್ತಾನದ ವಿಮಾನಗಳು ಡಿಕ್ಕಿ ಹೊಡೆದು 349 ಜನ ಮಡಿದರು. ಕಜಾಕ್ ವಿಮಾನಕ್ಕೆ 15,000 ಅಡಿ, ಸೌದಿ ವಿಮಾನಕ್ಕೆ 14,000 ಅಡಿ ಗೊತ್ತುಮಾಡಲಾಗಿತ್ತು. ಮೊದಲನೆಯದು ತನ್ನ ಮಟ್ಟಕ್ಕಿಂತ ಕೆಳಗಿಳಿಯಿತು. ದೆಹಲಿಯ ರಾಡಾರ್ ಪರದೆಯಲ್ಲಿ ಆಗ ಎತ್ತರ ಕಾಣುತ್ತಿರಲಿಲ್ಲ. ಅಧಿಕಾರಿಗೆ ಚಾಲಕರ ಬಾಯಿಮಾತೇ ಆಧಾರ. ಆಮೇಲೆ ಭಾರತದಲ್ಲಿ ದೊಡ್ಡ ವಿಮಾನಗಳಿಗೆ ಡಿಕ್ಕಿ ತಪ್ಪಿಸುವ ಯಂತ್ರ ಕಡ್ಡಾಯವಾಯಿತು. ಆ ಯಂತ್ರವೂ ಎದುರು ವಿಮಾನದ ಟ್ರಾನ್ಸ್‌ಪಾಂಡರ್ ಎತ್ತರ ಹೇಳಿದರೆ ಮಾತ್ರ ‘ಏರು’, ‘ಇಳಿ’ ಎಂದು ದಾರಿ ತೋರಬಲ್ಲದು. ಕಲಿಯುವವನ ಚಿಕ್ಕ ವಿಮಾನವು ಎತ್ತರ ಹೇಳದಿದ್ದರೆ, ಆ ಹೊತ್ತಿಗೆ ಅದರ ಸಮೀಪ ಬರುವ ದೊಡ್ಡ ವಿಮಾನದ ಪ್ರಯಾಣಿಕರಿಗೂ ಅಪಾಯ.

ಆದರೆ ಅಂಕಿಯನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ಅದೇ 1996ರ ಅಕ್ಟೋಬರ್ 2ರಂದು ಪೆರು ದೇಶದ ಲಿಮಾದಿಂದ ಹೊರಟ ವಿಮಾನವೊಂದರ ಒತ್ತಡ ಅಳೆಯುವ ರಂಧ್ರಗಳ ಮೇಲೆ, ತೊಳೆಯುವಾಗ ಹಚ್ಚಿದ ಪಟ್ಟಿ ಹಾಗೆಯೇ ಉಳಿದಿತ್ತು. ಗಾಬರಿಗೊಂಡ ಚಾಲಕರು ತಮ್ಮ ಎತ್ತರವನ್ನು ನೆಲದವರನ್ನು ಕೇಳಿದರು. ನೆಲದವರು ಪರದೆ ನೋಡಿ 9,700 ಅಡಿ ಎಂದರು. ಆ ಅಂಕಿ ಅದೇ ವಿಮಾನದ ಟ್ರಾನ್ಸ್‌ಪಾಂಡರಿನಿಂದ, ಅದೇ ಮುಚ್ಚಿದ ರಂಧ್ರಗಳಿಂದ ಬಂದುದಾಗಿತ್ತು. ವಿಮಾನ ಸಮುದ್ರಕ್ಕೆ ಬಿದ್ದು 70 ಜನ ಸತ್ತರು.

ಇತಿಹಾಸದ ತರಗತಿಯಲ್ಲಿ ನಮಗೆ ಹೇಳುವುದುಂಟು: ಇಬ್ಬರು ಸಾಕ್ಷಿಗಳು ಒಂದೇ ಬಾಯಿಂದ ಕೇಳಿದವರಾದರೆ ಅವರು ಒಬ್ಬನೇ ಸಾಕ್ಷಿ. ಕಲಾ ವಿಭಾಗದವನಿಗೆ ಟ್ರಾನ್ಸ್‌ಪಾಂಡರಿನ ಗೊಡವೆ ಏಕೆಂದು ಗೆಳೆಯರು ನಕ್ಕದ್ದುಂಟು. ಒಂದು ಅಂಕಿ ಕಂಡಾಗ, ಅದನ್ನು ಎಲ್ಲಿಂದ ಅಳೆದರು, ಯಾರು ಹೇಳಿದರು ಎಂದು ಕೇಳುವುದನ್ನು ಆ ಪೆಟ್ಟಿಗೆಯೂ ಕಲಿಸುತ್ತದೆ. ತಮ್ಮನಿಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ, ಮೊದಲು “ಎಲ್ಲಿಂದ?” ಎಂದು ಅವನನ್ನೇ ಕೇಳಬೇಕೆಂದಿದ್ದೇನೆ.